ಸಿಂಡಿಕೇಟ್ ನಡವಳಿ ಜನರ ಕೈಗೆ ಸಿಗಲಿ

ಮಾನ್ಯ ಸಂಪಾದಕರೇ,

ಫಲಿತಾಂಶ ತಡವಾದರೂ, ಅಂಕಪಟ್ಟಿಯಲ್ಲಿ ಹೆಸರು ತಪ್ಪಾದರೂ, ಹಾಸ್ಟೆಲ್ ಊಟ ಕೆಟ್ಟರೂ ಮೈಸೂರಿನಲ್ಲಿ ಪ್ರತಿಭಟನೆ ಹೋಗಿ ನಿಲ್ಲುವುದು ಒಂದೇ ಕಡೆ, ಮೈಸೂರು ವಿಶ್ವವಿದ್ಯಾನಿಲಯದ ಆಡಳಿತ ಕಚೇರಿಯಾದ ಕ್ರಾಫರ್ಡ್ ಭವನದ ಮುಂದೆ. ಧಿಕ್ಕಾರವೂ ಒಬ್ಬರಿಗೇ, ಕುಲಪತಿಗಳಿಗೆ. ಮನವಿ ಪತ್ರ ಕೊಟ್ಟಾಯಿತು, ಪತ್ರಿಕೆಯಲ್ಲಿ ಫೋಟೊ ಬಂತು, ಮುಂದಿನ ಸೆಮಿಸ್ಟರ್‌ಗೆ ಮತ್ತೆ ಅದೇ ಗೋಳು. ಕುಲಪತಿ ಒಬ್ಬರೇ ಕುಳಿತು ತೀರ್ಮಾನಿಸಬಹುದಾದ ವಿಷಯ ಕಾನೂನಿನಲ್ಲಿ ಬಹಳ ಕಡಿಮೆ. ಹಣ, ಹುದ್ದೆ, ಕಾಲೇಜಿನ ಮಾನ್ಯತೆ, ಕಟ್ಟಡ, ಶುಲ್ಕ ಎಲ್ಲವೂ ಸಿಂಡಿಕೇಟ್ ಎಂಬ ಸಭೆಯ ಮೇಜಿನ ಮೇಲೆ ತೀರ್ಮಾನವಾಗುತ್ತವೆ. ಆ ಮೇಜಿನ ಸುತ್ತ ಯಾರು ಕೂರುತ್ತಾರೆ, ಏನು ಓದಿಕೊಂಡು ಬರುತ್ತಾರೆ, ಕೊನೆಗೆ ನಡವಳಿಯಲ್ಲಿ, ಅಂದರೆ ಸಭೆಯ ತೀರ್ಮಾನಗಳ ದಾಖಲೆಯಲ್ಲಿ, ಏನೆಂದು ಬರೆದು ಸಹಿ ಹಾಕುತ್ತಾರೆ ಎಂಬುದು ಊರಿನವರಿಗೆ ಗೊತ್ತಾಗಬೇಕು. ಅದಕ್ಕಾಗಿಯೇ ಈ ಪತ್ರ. ಸ್ವಲ್ಪ ಉದ್ದವಾಗಿದೆ, ಕ್ಷಮಿಸಿ. ತುಂಡು ಮಾಡಿದರೆ ಅರ್ಥ ಕೆಡುವ ವಿಷಯ ಇದು.

1916ರ ಜುಲೈ 27ರಂದು ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿದಾಗ ನಾಲ್ವಡಿ ಕೃಷ್ಣರಾಜ ಒಡೆಯರೇ ಕುಲಾಧಿಪತಿ, ಎಚ್.ವಿ. ನಂಜುಂಡಯ್ಯನವರು ಮೊದಲ ಕುಲಪತಿ. ಮೈಸೂರಿನ ಮಹಾರಾಜ ಕಾಲೇಜು, ಬೆಂಗಳೂರಿನ ಸೆಂಟ್ರಲ್ ಕಾಲೇಜು ಎರಡೇ ಕಂಬಗಳು. ಈಗ ಅದೂ ಸೇರಿ ರಾಜ್ಯದ ಹೆಚ್ಚಿನ ಸಾಮಾನ್ಯ ವಿ.ವಿ.ಗಳು ನಡೆಯುವುದು ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಅಧಿನಿಯಮ 2000ರ ಅಡಿಯಲ್ಲಿ. ಅದಕ್ಕೆ ಮೊದಲಿದ್ದ 1976ರ ಕಾನೂನಿನಲ್ಲಿ ಸೆನೆಟ್ ಎಂಬ ದೊಡ್ಡ ಸಭೆಯೊಂದಿತ್ತು. 2000ದ ಕಾನೂನು ಅದನ್ನು ಕೈಬಿಟ್ಟಿತು. ಸೆನೆಟ್ ಗದ್ದಲದ ಸಭೆ, ಕೆಲಸ ನಿಧಾನ ಎಂಬ ದೂರು ಸುಳ್ಳಲ್ಲ. ಆದರೆ ಸಿಂಡಿಕೇಟ್ ಮಾಡಿದ್ದನ್ನು ಎದುರು ಕೂತು ಪ್ರಶ್ನಿಸುವ ಒಂದು ಜಾಗ ವಿ.ವಿ.ಯ ಒಳಗೇ ಇತ್ತು. ಅದು ಹೋಯಿತು, ಅದರ ಬದಲಿಗೆ ಏನೂ ಬರಲಿಲ್ಲ. ಈಗ ಸಿಂಡಿಕೇಟನ್ನು ಪ್ರಶ್ನಿಸಬೇಕಾದವರು ರಾಜಭವನ, ವಿಧಾನಸೌಧ ಅಥವಾ ಹೈಕೋರ್ಟ್. ಮೂರೂ ಬೆಂಗಳೂರಿನಲ್ಲಿವೆ.

ಯಾರ ಕೆಲಸ ಏನು ಎಂಬುದನ್ನು ಬೇಗ ಹೇಳಿಬಿಡುತ್ತೇವೆ. ರಾಜ್ಯಪಾಲರು ಪದನಿಮಿತ್ತ ಕುಲಾಧಿಪತಿ. ಉನ್ನತ ಶಿಕ್ಷಣ ಸಚಿವರು ಸಮಕುಲಾಧಿಪತಿ. ಕುಲಪತಿ ವಿದ್ಯಾ ವಿಷಯಕ್ಕೂ ಆಡಳಿತಕ್ಕೂ ಮುಖ್ಯಸ್ಥರು, ಅವಧಿ ನಾಲ್ಕು ವರ್ಷ. ಕುಲಸಚಿವರು ಕಡತ, ಸಿಬ್ಬಂದಿ, ಸಭೆಗಳ ಕಾರ್ಯದರ್ಶಿತ್ವ ನೋಡಿಕೊಳ್ಳುವವರು. ಪರೀಕ್ಷಾಂಗ ಕುಲಸಚಿವರದು ಪ್ರಶ್ನೆಪತ್ರಿಕೆಯಿಂದ ಅಂಕಪಟ್ಟಿಯವರೆಗಿನ ಹೊಣೆ. ಹಣಕಾಸು ಅಧಿಕಾರಿ ಬಜೆಟ್ಟು, ಲೆಕ್ಕ, ಪಾವತಿ ನೋಡುತ್ತಾರೆ. ಹೀಗಾಗಿ ಅಂಕಪಟ್ಟಿಯ ತಪ್ಪಿಗೆ ಕುಲಪತಿಗಳ ಮುಂದೆ ಕೂಗಿದರೆ ಆ ಅರ್ಜಿ ಮೂರು ಮೇಜು ದಾಟಿ ಪರೀಕ್ಷಾಂಗಕ್ಕೇ ಬರುತ್ತದೆ. ನೇರವಾಗಿ ಅಲ್ಲಿಗೇ ಕೊಟ್ಟು ಸ್ವೀಕೃತಿ ಮೊಹರು ಹಾಕಿಸಿಕೊಂಡರೆ ಹದಿನೈದು ದಿನವಾದರೂ ಉಳಿಯುತ್ತದೆ.

ಈಗ ಸಿಂಡಿಕೇಟ್. ಕುಲಪತಿ ಅಧ್ಯಕ್ಷರು, ಕುಲಸಚಿವರು ಕಾರ್ಯದರ್ಶಿ. ಸರ್ಕಾರ ನಾಮನಿರ್ದೇಶನ ಮಾಡುವ ಆರು ಮಂದಿ, ಕುಲಾಧಿಪತಿಗಳ ನಾಮನಿರ್ದೇಶಿತರು, ಸರದಿಯ ಮೇಲೆ ಬರುವ ಡೀನ್‌ಗಳು ಮತ್ತು ಪ್ರಾಂಶುಪಾಲರು, ಇಲಾಖೆಯ ಅಧಿಕಾರಿಗಳು ಸದಸ್ಯರು. ಸರ್ಕಾರದ ಆರು ಸ್ಥಾನಗಳ ಮೇಲೆ ಎಲ್ಲರ ಕಣ್ಣು. ಸರ್ಕಾರ ಬದಲಾದಾಗ ಈ ನಾಮನಿರ್ದೇಶಿತರೂ ಬದಲಾಗುವುದು ವಾಡಿಕೆಯಾಗಿಬಿಟ್ಟಿದೆ. ಬಜೆಟ್ ಪುಸ್ತಕ ಓದಲು ಕಲಿಯುವ ಹೊತ್ತಿಗೆ ಸದಸ್ಯರು ಮನೆಗೆ ಹೋಗಿರುತ್ತಾರೆ. ಹೊಸ ಪಟ್ಟಿ ಬರುವವರೆಗೆ ಕುರ್ಚಿ ಖಾಲಿ. ಖಾಲಿ ಕುರ್ಚಿಗಳ ಸಭೆಯಲ್ಲಿ ಅಧಿಕಾರಿಗಳು ತಂದಿದ್ದೆಲ್ಲ ಪಾಸಾಗುತ್ತದೆ. ಇದರಲ್ಲಿ ಯಾರದೋ ಪಿತೂರಿ ಹುಡುಕಬೇಕಿಲ್ಲ, ಪ್ರಶ್ನೆ ಕೇಳುವವರು ಇಲ್ಲದಿರುವುದೇ ಸಾಕು.

ಸಭೆ ಕೆಡುವುದು ಚರ್ಚೆಯಲ್ಲಿ ಅಲ್ಲ, ಅದಕ್ಕೂ ಮೊದಲೇ, ಕಾರ್ಯಸೂಚಿ ಟಿಪ್ಪಣಿಯಲ್ಲಿ. ಒಂದು ವಿಷಯವನ್ನು ಸಭೆಯ ಮುಂದೆ ತರಬೇಕಾದರೆ ಟಿಪ್ಪಣಿಯಲ್ಲಿ ಇಷ್ಟು ಇರಲೇಬೇಕು: ವಿಷಯ ಹುಟ್ಟಿದ್ದು ಎಲ್ಲಿಂದ, ಯಾವ ಪತ್ರ, ಯಾವ ದಿನಾಂಕ, ಕಾನೂನಿನ ಯಾವ ಪ್ರಕರಣ ಅಥವಾ ಯಾವ ಪರಿನಿಯಮದಡಿ (ಕಾನೂನಿನಡಿ ವಿ.ವಿ. ಮಾಡಿಕೊಂಡ ನಿಯಮ) ಸಿಂಡಿಕೇಟಿಗೆ ಅಧಿಕಾರ, ಇದೇ ವಿಷಯದಲ್ಲಿ ಹಿಂದಿನ ಸಭೆಗಳು ಏನು ಹೇಳಿದ್ದವು, ಖರ್ಚು ಎಷ್ಟು, ಯಾವ ಲೆಕ್ಕ ಶೀರ್ಷಿಕೆಯಿಂದ, ಅದರಲ್ಲಿ ಉಳಿದಿರುವ ಹಣ ಎಷ್ಟು, ಹಣಕಾಸು ಅಧಿಕಾರಿಯ ಅಭಿಪ್ರಾಯ, ಕೊನೆಗೆ ಕರಡು ನಿರ್ಣಯ. ಟಿಪ್ಪಣಿ ಕೈಗೆ ಸಿಕ್ಕಿದಾಗ ಮೊದಲು ನೋಡಬೇಕಾದ್ದು ಖರ್ಚಿನ ಸಾಲು. ಅಲ್ಲಿ 'ಆಂತರಿಕ ಸಂಪನ್ಮೂಲದಿಂದ ಭರಿಸಬಹುದು' ಎಂದಷ್ಟೇ ಬರೆದು ಮೊತ್ತ ಬಿಟ್ಟಿದ್ದರೆ ಆ ವಿಷಯವನ್ನು ಅಂದು ತೆಗೆದುಕೊಳ್ಳಬಾರದು. ಆಂತರಿಕ ಸಂಪನ್ಮೂಲ ಎಂದರೆ ಪರೀಕ್ಷಾ ಶುಲ್ಕ, ಸಂಯೋಜನಾ ಶುಲ್ಕ (ವಿ.ವಿ.ಯ ಮಾನ್ಯತೆಗಾಗಿ ಕಾಲೇಜುಗಳು ಕಟ್ಟುವುದು), ಸ್ವ-ಅನುದಾನಿತ ಸೀಟುಗಳ ಶುಲ್ಕ. ಅಂದರೆ ಮಳವಳ್ಳಿಯಿಂದಲೋ ಎಚ್.ಡಿ. ಕೋಟೆಯಿಂದಲೋ ಬಸ್ಸಿನಲ್ಲಿ ಬರುವ ಹುಡುಗಿ ಕಟ್ಟಿದ ದುಡ್ಡು.

ಕಾರ್ಯಸೂಚಿಯ ಕೊನೆಯಲ್ಲಿ 'ಅಧ್ಯಕ್ಷರ ಅನುಮತಿಯ ಮೇರೆಗೆ ಇತರೆ ವಿಷಯಗಳು' ಎಂದು ಒಂದು ಸಾಲು ಇರುತ್ತದೆ. ತೀರಾ ತುರ್ತಿನ ಒಂದೋ ಎರಡೋ ವಿಷಯಕ್ಕೆ ಇಟ್ಟ ಕಿಟಕಿ ಅದು. ಆ ಕಿಟಕಿಯಲ್ಲಿ ಆನೆ ನುಗ್ಗಿಸುವುದೇ ನಮ್ಮ ಆಡಳಿತದ ದೊಡ್ಡ ರೋಗ. ಊಟದ ಹೊತ್ತಾಗಿದೆ, ಹೊರಗಿನ ಸದಸ್ಯರು ಬೆಂಗಳೂರಿನ ರೈಲು ಹಿಡಿಯಬೇಕು. ಆಗ ಬಿಡಿ ಹಾಳೆಗಳು ಮೇಜಿನ ಮೇಲೆ ಬರುತ್ತವೆ. ಯಾರೂ ಓದಿರುವುದಿಲ್ಲ. 'ಚರ್ಚಿಸಿ ಅನುಮೋದಿಸಲಾಯಿತು' ಎಂದು ನಡವಳಿಯಲ್ಲಿ ದಾಖಲಾಗುತ್ತದೆ. ಬಿಡಿ ಹಾಳೆಯಲ್ಲಿ ಹಣಕಾಸಿನ ವಿಷಯವನ್ನೂ ನೇಮಕದ ವಿಷಯವನ್ನೂ ತರಕೂಡದು ಎಂದು ಸಿಂಡಿಕೇಟ್ ತಾನೇ ಒಂದು ನಿರ್ಣಯ ಮಾಡಿಕೊಳ್ಳಬಹುದು. ಇದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ.

ಇನ್ನೊಂದು ಪದ 'ಘಟನೋತ್ತರ ಅನುಮೋದನೆ'. ತುರ್ತು ಸಂದರ್ಭದಲ್ಲಿ ಸಿಂಡಿಕೇಟ್ ಅಥವಾ ಪಾಠ ಪಠ್ಯದ ವಿಷಯ ನೋಡುವ ವಿದ್ಯಾವಿಷಯಕ ಪರಿಷತ್ತು ಮಾಡಬೇಕಾದ ಕೆಲಸವನ್ನು ಕುಲಪತಿಯೇ ಮಾಡಿ, ಮುಂದಿನ ಸಭೆಗೆ ವರದಿ ಮಾಡಲು ಕಾನೂನಿನಲ್ಲೇ ಅವಕಾಶವಿದೆ. ಇದು ಬೇಕು. ಪರೀಕ್ಷೆಯ ಹಿಂದಿನ ರಾತ್ರಿ ಪ್ರಶ್ನೆಪತ್ರಿಕೆ ಸೋರಿದರೆ ಸಿಂಡಿಕೇಟ್ ಕರೆಯಲು ಆಗುತ್ತದೆಯೇ? ಆದರೆ ಮೂರು ತಿಂಗಳು ಮೊದಲೇ ಗೊತ್ತಿದ್ದ ಪೀಠೋಪಕರಣ ಖರೀದಿ ತುರ್ತು ಹೇಗಾಗುತ್ತದೆ? ಹಣ ಪಾವತಿಯಾಗಿ, ಸಾಮಾನು ಬಂದು, ಗುತ್ತಿಗೆದಾರ ಹೋದ ಮೇಲೆ ಸಭೆಯ ಒಪ್ಪಿಗೆ ಕೇಳುವುದು ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ. ಒಂದು ವರ್ಷದ ನಡವಳಿ ತೆಗೆದುಕೊಂಡು ಒಟ್ಟು ವಿಷಯಗಳಲ್ಲಿ ಘಟನೋತ್ತರ ಎಷ್ಟು ಎಂದು ಎಣಿಸಿ ನೋಡಿ. ಆ ವಿ.ವಿ.ಯ ಆರೋಗ್ಯ ತಿಳಿಯಲು ಇಷ್ಟು ಸುಲಭದ ಅಳತೆ ಇನ್ನೊಂದಿಲ್ಲ.

ನಡವಳಿಯ ಭಾಷೆಯನ್ನೂ ಓದಲು ಕಲಿಯಬೇಕು. 'ಗಮನಿಸಲಾಯಿತು' ಎಂದರೆ ಸಭೆ ಒಪ್ಪಿಲ್ಲ, ಕೇಳಿಸಿಕೊಂಡಿದೆ ಅಷ್ಟೆ. 'ತಾತ್ವಿಕವಾಗಿ ಒಪ್ಪಲಾಯಿತು' ಎಂದರೆ ಹಣ ಬಿಡುಗಡೆಗೆ ಇನ್ನೊಂದು ತೀರ್ಮಾನ ಬೇಕು. 'ಕುಲಪತಿಗಳಿಗೆ ಅಧಿಕಾರ ನೀಡಲಾಯಿತು' ಎಂದರೆ ಸಭೆ ತನ್ನ ಕೆಲಸವನ್ನು ಇನ್ನೊಬ್ಬರ ಹೆಗಲಿಗೆ ದಾಟಿಸಿದೆ. ಎಷ್ಟು ಮೊತ್ತದವರೆಗೆ, ಯಾವ ದಿನಾಂಕದವರೆಗೆ ಎಂದು ಬರೆಯದಿದ್ದರೆ ಅದು ಖಾಲಿ ಚೆಕ್ಕು. ಒಪ್ಪದ ಸದಸ್ಯರು ಸಭೆಯಲ್ಲಿ ಜೋರಾಗಿ ಮಾತಾಡಿದರೆ ಸಾಲದು, ಭಿನ್ನಾಭಿಪ್ರಾಯ ಟಿಪ್ಪಣಿಯನ್ನು ಬರೆದು ಕುಲಸಚಿವರಿಗೆ ಕೊಡಬೇಕು, ಮುಂದಿನ ಸಭೆಯಲ್ಲಿ ಹಿಂದಿನ ನಡವಳಿ ಸ್ಥಿರೀಕರಣಕ್ಕೆ, ಅಂದರೆ ಸರಿಯಾಗಿದೆ ಎಂಬ ಒಪ್ಪಿಗೆಗೆ, ಬಂದಾಗ ಅದು ಸೇರಿದೆಯೇ ಎಂದು ನೋಡಬೇಕು. ನಾಳೆ ಲೆಕ್ಕಪರಿಶೋಧನೆಯ ಆಕ್ಷೇಪ ಬಂದಾಗ ಕಾಗದದಲ್ಲಿ ಇರುವುದಷ್ಟೇ ಉಳಿಯುತ್ತದೆ. ಸ್ಥಿರೀಕರಣವನ್ನು ಐದು ನಿಮಿಷದ ಶಾಸ್ತ್ರವಾಗಿ ಮುಗಿಸುವ ಸಭೆಗಳಲ್ಲಿಯೇ ಆಡದ ಮಾತು ನಡವಳಿಗೆ ಸೇರುವುದು, ಆಡಿದ ಮಾತು ಬಿಟ್ಟುಹೋಗುವುದು. ಅದರ ಜೊತೆಗೇ ಬರಬೇಕಾದ್ದು ಅನುಪಾಲನಾ ವರದಿ: ಕಳೆದ ಸಭೆಯ ತೀರ್ಮಾನಗಳಲ್ಲಿ ಯಾವುದು ಜಾರಿಯಾಯಿತು, ಯಾವುದು ಇಲ್ಲ, ಏಕೆ ಇಲ್ಲ. ಈ ವರದಿ ಇಲ್ಲದ ಸಿಂಡಿಕೇಟ್ ಬರೀ ನಿರ್ಣಯ ಮಾಡುವ ಯಂತ್ರ.

ಪಾಠ ಪಠ್ಯದ ವಿಷಯಕ್ಕೆ ಸಿಂಡಿಕೇಟ್ ಯಜಮಾನ ಅಲ್ಲ. ಅದಕ್ಕೆ ಬೇರೆ ದಾರಿ ಇದೆ. ವಿಷಯವಾರು ಅಧ್ಯಯನ ಮಂಡಳಿ ಪಠ್ಯಕ್ರಮ ಸಿದ್ಧಪಡಿಸುತ್ತದೆ, ಅದು ನಿಕಾಯದ (ಕಲೆ, ವಿಜ್ಞಾನ ಇಂಥ ವಿಷಯಗಳ ಗುಂಪಿನ) ಸಭೆಗೆ ಹೋಗುತ್ತದೆ, ಅಲ್ಲಿಂದ ವಿದ್ಯಾವಿಷಯಕ ಪರಿಷತ್ತಿಗೆ, ಆಮೇಲೆ ಅಧಿಸೂಚನೆ. ದಾರಿ ಉದ್ದ ಎನಿಸಬಹುದು. ಆದರೆ ಪ್ರತಿ ಹಂತದಲ್ಲೂ ಬೇರೆ ಕಣ್ಣು ಬೀಳುತ್ತದೆ. ಪದವಿ ಕಾಲೇಜಿನಲ್ಲಿ ಪಾಠ ಮಾಡುವವರು ಅಧ್ಯಯನ ಮಂಡಳಿಯಲ್ಲಿದ್ದರೆ ಎಂಟು ಘಟಕ ತುಂಬಿದ ಪತ್ರಿಕೆಯನ್ನು ನೋಡಿ 'ಇದು ಮುಗಿಯುವುದಿಲ್ಲ ಸ್ವಾಮಿ' ಎನ್ನುತ್ತಾರೆ. ಅವರು ಇಲ್ಲದಿದ್ದರೆ ಎಂ.ಎ. ಪಠ್ಯವೇ ಬಿ.ಎ.ಗೆ ಇಳಿಯುತ್ತದೆ.

2021-22ರಲ್ಲಿ ನಾಲ್ಕು ವರ್ಷದ ಪದವಿ ಬಂತು. 2024ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ಮತ್ತೆ ಮೂರು ವರ್ಷದ ಪದವಿಗೆ ಆದೇಶ ಮಾಡಿತು, ಅದೇ 2024-25ನೇ ಸಾಲಿನಿಂದಲೇ ಜಾರಿ. ಯಾವ ಪದ್ಧತಿ ಒಳ್ಳೆಯದು ಎಂಬ ವಾದ ಬೇರೆ. ನಾವು ಹೇಳುವುದು ಸಮಯದ ಲೆಕ್ಕ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ಪ್ರಕಾರ ವರ್ಷಕ್ಕೆ ಕನಿಷ್ಠ 180 ಬೋಧನಾ ದಿನ, ಅಂದರೆ ಸೆಮಿಸ್ಟರಿಗೆ 90. ಪಠ್ಯಕ್ರಮದ ಸುತ್ತೋಲೆ ತರಗತಿ ಶುರುವಾಗಿ ಮೂರು ವಾರದ ಮೇಲೆ ಬಂದರೆ, ವಾರಕ್ಕೆ ಆರು ದಿನದಂತೆ 18 ದಿನ ಹೋಯಿತು. ಐದನೇ ಒಂದು ಭಾಗ! ಕನ್ನಡ ಪಠ್ಯಪುಸ್ತಕ ಅಚ್ಚಾಗಿ ನಂಜನಗೂಡಿನ ಅಂಗಡಿಗೆ ಬರುವ ಹೊತ್ತಿಗೆ ಮೊದಲ ಆಂತರಿಕ ಪರೀಕ್ಷೆ ಮುಗಿದಿರುತ್ತದೆ. ಹುಡುಗರು ಗೈಡು ಹಿಡಿದರೆ ಆಮೇಲೆ ಬೈಯುತ್ತೇವೆ. ಅಧ್ಯಯನ ಮಂಡಳಿಗಳ ಅವಧಿ ಮುಗಿಯುವ ದಿನ ಮೊದಲೇ ಗೊತ್ತಿರುತ್ತದೆ. ಹೊಸ ಮಂಡಳಿ ರಚನೆಯ ಕಡತವನ್ನು ಎರಡು ತಿಂಗಳು ಮುಂಚೆ ಎತ್ತಿದರೆ ಅರ್ಧ ತಾಪತ್ರಯ ತಪ್ಪುತ್ತದೆ.

ಕಾಲೇಜುಗಳ ಸಂಯೋಜನೆಯ ಬಗ್ಗೆ ಬಿಡಿಸಿ ಹೇಳಬೇಕು, ಏಕೆಂದರೆ ಹಳ್ಳಿಯ ಮಕ್ಕಳ ಹಣೆಬರಹ ಇಲ್ಲೇ ಬರೆದಾಗುವುದು. ಹೊಸ ಕಾಲೇಜು ಅಥವಾ ಹೊಸ ಕೋರ್ಸಿಗೆ ಅರ್ಜಿ ಬಂದಾಗ ವಿ.ವಿ. ಸ್ಥಳೀಯ ವಿಚಾರಣಾ ಸಮಿತಿಯನ್ನು ಕಳಿಸುತ್ತದೆ. ಎಲ್ಲರೂ ಎಲ್‌ಐಸಿ ಎಂದೇ ಕರೆಯುತ್ತಾರೆ. ಸಮಿತಿ ಕೊಠಡಿ, ಪ್ರಯೋಗಾಲಯ, ಗ್ರಂಥಾಲಯ, ಅಧ್ಯಾಪಕರು, ಶೌಚಾಲಯ ನೋಡಿ ವರದಿ ಕೊಡಬೇಕು. ಆ ವರದಿಯ ಮೇಲೆ ವಿ.ವಿ.ಯ ಸಭೆಗಳು, ಸರ್ಕಾರ ಮುಂದುವರಿಯುತ್ತವೆ. ಅಡಿಪಾಯವೇ ಎಲ್‌ಐಸಿ.

ಮೋಸ ಹೇಗಾಗುತ್ತದೆ? ಕಪಾಟಿನ ತುಂಬ ಪುಸ್ತಕ ಇರುತ್ತದೆ, ಸಮಿತಿ ಎಣಿಸಿ ಸಂತೋಷಪಡುತ್ತದೆ. ಎಣಿಸಬೇಕಾದ್ದು ಪುಸ್ತಕ ಅಲ್ಲ. ಗ್ರಂಥಾಲಯದ ಸೇರ್ಪಡೆ ದಾಖಲೆ ಪುಸ್ತಕ ತರಿಸಬೇಕು. ಪ್ರತಿ ಪುಸ್ತಕಕ್ಕೂ ಅಲ್ಲಿ ಒಂದು ಕ್ರಮಸಂಖ್ಯೆ, ಬಿಲ್ ಸಂಖ್ಯೆ, ಖರೀದಿಯ ದಿನಾಂಕ ಇರುತ್ತದೆ. ಕಪಾಟಿನಿಂದ ಕಣ್ಣು ಮುಚ್ಚಿ ಹತ್ತು ಪುಸ್ತಕ ತೆಗೆದು, ಒಳಪುಟದ ಮೊಹರಿನ ಸಂಖ್ಯೆಯನ್ನು ದಾಖಲೆಯ ಜೊತೆ ತಾಳೆ ನೋಡಬೇಕು. ಮೊಹರು ಬೇರೆ ಕಾಲೇಜಿನದಾಗಿದ್ದರೆ, ಅಥವಾ ಐನೂರು ಪುಸ್ತಕದ ನಮೂದು ಒಂದೇ ಪೆನ್ನಿನಲ್ಲಿ, ಒಂದೇ ಕೈಬರಹದಲ್ಲಿ, ತಪಾಸಣೆಯ ಹಿಂದಿನ ವಾರದ ದಿನಾಂಕದಲ್ಲಿ ಇದ್ದರೆ ಬೇರೆ ಸಾಕ್ಷಿ ಬೇಕಿಲ್ಲ. ಅಧ್ಯಾಪಕರ ವಿಷಯವೂ ಹಾಗೇ. ಪಟ್ಟಿಯಲ್ಲಿ ಹನ್ನೆರಡು ಹೆಸರಿದ್ದರೆ ಹನ್ನೆರಡು ಜನರ ಆರು ತಿಂಗಳ ಸಂಬಳ ಬ್ಯಾಂಕ್ ಖಾತೆಗೆ ಜಮೆಯಾದ ಪಟ್ಟಿ ಕೇಳಬೇಕು, ಹಾಜರಿ ಪುಸ್ತಕದ ಸಹಿಯ ಜೊತೆ ಹೋಲಿಸಬೇಕು. ಒಂದೇ ಹೆಸರು ಎರಡು ಕಾಲೇಜಿನ ಪಟ್ಟಿಯಲ್ಲಿ ಇದೆಯೇ ಎಂದು ವಿ.ವಿ. ಕಚೇರಿಯಲ್ಲಿ ಕಂಪ್ಯೂಟರಿನಲ್ಲಿ ಹುಡುಕಲು ಅರ್ಧ ಗಂಟೆ ಸಾಕು. ಪ್ರಯೋಗಾಲಯದಲ್ಲಿ ಉಪಕರಣದ ಮೇಲಿನ ದೂಳಿಗಿಂತ ರಾಸಾಯನಿಕಗಳ ದಾಸ್ತಾನು ಪುಸ್ತಕ ಹೆಚ್ಚು ಮಾತಾಡುತ್ತದೆ: ವರ್ಷವಿಡೀ ಒಂದು ಹನಿ ಆಮ್ಲವೂ ಖರ್ಚಾಗದಿದ್ದರೆ ಪ್ರಾಯೋಗಿಕ ತರಗತಿ ಎಲ್ಲಿ ನಡೆಯಿತು?

ಎಲ್‌ಐಸಿ ವರದಿಯನ್ನು, ಅದೇ ದಿನ ತೆಗೆದ ಫೋಟೊಗಳ ಸಮೇತ, ವಿ.ವಿ.ಯ ಜಾಲತಾಣದಲ್ಲಿ ಕಾಲೇಜುವಾರು ಹಾಕಬೇಕು. ಸೀಟು ಹಿಡಿಯುವ ಮೊದಲು ತಂದೆತಾಯಿ ನೋಡಿಕೊಳ್ಳಲಿ. ಖಾಸಗಿ ಕಾಲೇಜಿನ ಆಡಳಿತದಲ್ಲಿ ಇರುವವರು ಸಿಂಡಿಕೇಟ್ ಸದಸ್ಯರಾಗಿದ್ದರೆ, ತಮ್ಮ ಸಂಸ್ಥೆಯ ವಿಷಯ ಬಂದಾಗ ಎದ್ದು ಹೊರಗೆ ಹೋಗಬೇಕು, ಹೋದರು ಎಂದು ನಡವಳಿಯಲ್ಲಿ ಬರೆಯಬೇಕು.

ಹಣದ ಮಾತಿಗೆ ಬಂದರೆ ಮಂಡ್ಯವನ್ನೂ ಸೇರಿಸಿಯೇ ಹೇಳಬೇಕು. ಮಂಡ್ಯದ ಸರ್ಕಾರಿ ಕಾಲೇಜು 2019ರಲ್ಲಿ ವಿಶ್ವವಿದ್ಯಾಲಯವಾಯಿತು. ಆಮೇಲೆ ಜಿಲ್ಲೆಯ ಕಾಲೇಜುಗಳೂ ಅದರ ವ್ಯಾಪ್ತಿಗೆ ಬಂದವು. ಹಾಸನ, ಚಾಮರಾಜನಗರಗಳಿಗೂ ಬೇರೆ ವಿ.ವಿ. ಬಂತು. ಜಿಲ್ಲೆಗೊಂದು ವಿ.ವಿ. ಎಂಬುದು ಕೇಳಲು ಹಿತ. ಮಂಡ್ಯದ ಹುಡುಗ ಅಂಕಪಟ್ಟಿಗಾಗಿ ಮೈಸೂರಿಗೆ ಓಡುವುದು ತಪ್ಪಿದರೆ ನಮಗೂ ಸಂತೋಷವೇ. ಆದರೆ ನಕ್ಷೆ ಹರಿದಾಗ ಲೆಕ್ಕವನ್ನೂ ಹರಿಯಬೇಕಿತ್ತು. ಕಾಲೇಜುಗಳು ಹೋದಾಗ ಅವುಗಳ ಪರೀಕ್ಷಾ ಶುಲ್ಕ, ಸಂಯೋಜನಾ ಶುಲ್ಕವೂ ಹೋಯಿತು. ಆ ಶುಲ್ಕ ಬರುತ್ತಿದ್ದ ಕಾಲದಲ್ಲಿ ದುಡಿದು ನಿವೃತ್ತರಾದ ನೌಕರರ ಪಿಂಚಣಿ ಮಾತ್ರ ಹಳೆಯ ಮನೆಯಲ್ಲೇ ಉಳಿಯಿತು. ಆಸ್ತಿ ಭಾಗವಾಗಿ ಸಾಲ ಹಿರಿಯಣ್ಣನ ತಲೆಗೆ ಬಂದಂತೆ. ಇತ್ತ ಕಾಲೇಜೇ ವಿ.ವಿ. ಆದ ಕಡೆ ಕಟ್ಟಡ, ಬೋರ್ಡು ಬೇಗ ಬರುತ್ತವೆ. ಸ್ವಂತ ಮಂಜೂರಾದ ಹುದ್ದೆ, ಸ್ವಂತ ಪರಿನಿಯಮ, ಪೂರ್ಣಾವಧಿ ಪರೀಕ್ಷಾಂಗ ತಡವಾಗುತ್ತವೆ. ಪರಿನಿಯಮಕ್ಕೆ ಕುಲಾಧಿಪತಿಗಳ ಅಂಕಿತ ಬೇಕು. ಅದು ಬರುವವರೆಗೆ ಬಡ್ತಿಯಿಂದ ಹಿಡಿದು ಪಿಎಚ್.ಡಿ.ವರೆಗೆ ಎಲ್ಲಕ್ಕೂ ಎರವಲು ನಿಯಮ. 2025ರ ಫೆಬ್ರುವರಿಯಲ್ಲಿ ಸಚಿವ ಸಂಪುಟ ಉಪಸಮಿತಿಯ ಮಟ್ಟದಲ್ಲಿ ಹೊಸ ವಿ.ವಿ.ಗಳನ್ನು ಮುಚ್ಚುವ ಮಾತು ಬಂದಾಗ ಮಕ್ಕಳು ಬೀದಿಗಿಳಿದು ಕೇಳಿದ್ದು ತಮ್ಮ ಪದವಿಯ ಮೇಲೆ ಯಾರ ಹೆಸರಿರುತ್ತದೆ ಎಂದು. ನ್ಯಾಯವಾದ ಪ್ರಶ್ನೆ. ತೆರೆಯುವುದಾಗಲಿ ಮುಚ್ಚುವುದಾಗಲಿ, ದಾಖಲೆ, ಹುದ್ದೆ, ಪಿಂಚಣಿ, ನಡುವೆ ಓದುತ್ತಿರುವ ತಂಡಗಳು ಈ ನಾಲ್ಕರ ಪಟ್ಟಿ ಮೊದಲು ಸಿದ್ಧವಾಗಬೇಕು, ಆಮೇಲೆ ಘೋಷಣೆ.

ಕುಲಪತಿ ನೇಮಕದ ಬಗ್ಗೆ ಎರಡು ಮಾತು. ಶೋಧನಾ ಸಮಿತಿಯಲ್ಲಿ ಕುಲಾಧಿಪತಿ, ಯುಜಿಸಿ, ರಾಜ್ಯ ಸರ್ಕಾರ, ಸಿಂಡಿಕೇಟ್ ಇವರಿಂದ ಒಬ್ಬೊಬ್ಬರಂತೆ ನಾಲ್ವರು. ಅವರು ಮೂವರ ಹೆಸರಿನ ಪಟ್ಟಿ ಕೊಡುತ್ತಾರೆ. ಯುಜಿಸಿಯ 2018ರ ನಿಯಮದಂತೆ ಅಭ್ಯರ್ಥಿಗೆ ಪ್ರಾಧ್ಯಾಪಕರಾಗಿ ಅಥವಾ ಹೆಸರಾಂತ ಸಂಶೋಧನಾ, ವಿದ್ಯಾ ಆಡಳಿತ ಸಂಸ್ಥೆಯಲ್ಲಿ ಕನಿಷ್ಠ ಹತ್ತು ವರ್ಷದ ಅನುಭವ ಬೇಕು, ಸಮಿತಿಯ ಸದಸ್ಯರಿಗೆ ಆ ವಿ.ವಿ.ಯ ಜೊತೆ ಯಾವ ಸಂಬಂಧವೂ ಇರಕೂಡದು. ಆದ್ದರಿಂದ ಸಿಂಡಿಕೇಟ್ ತನ್ನ ಪ್ರತಿನಿಧಿಯಾಗಿ ತನ್ನವರನ್ನೇ ಕಳಿಸುವಂತಿಲ್ಲ. ಇವು ಬರೀ ಕಾಗದದ ನಿಯಮಗಳಲ್ಲ. ಕೇರಳದ ತಾಂತ್ರಿಕ ವಿ.ವಿ.ಯಲ್ಲಿ ಶೋಧನಾ ಸಮಿತಿ ಒಂದೇ ಹೆಸರು ಕೊಟ್ಟಿತ್ತು. 2022ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ನೇಮಕವನ್ನೇ ರದ್ದು ಮಾಡಿತು. ಕಣ್ಣೂರು ವಿ.ವಿ. ಕುಲಪತಿಯ ಮರುನೇಮಕವನ್ನು 2023ರ ನವೆಂಬರ್ 30ರಂದು ರದ್ದು ಮಾಡಿತು. ಕುಲಾಧಿಪತಿ ಸ್ವಂತ ವಿವೇಚನೆ ಬಿಟ್ಟು ಸರ್ಕಾರದ ಒತ್ತಾಸೆಯಂತೆ ನಡೆದರು ಎಂಬುದೇ ಕಾರಣ. ಸರ್ಕಾರಕ್ಕೂ ರಾಜಭವನಕ್ಕೂ ಎತ್ತು ಏರಿಗೆ, ಕೋಣ ನೀರಿಗೆ ಎಂಬಂತಾದರೆ ಕಡತ ನಡುವೆ ನಿಲ್ಲುತ್ತದೆ. ಆಗ ಪ್ರಭಾರ. ಹಿರಿಯ ಡೀನ್ ಒಬ್ಬರಿಗೆ ಪ್ರಭಾರ ವಹಿಸುತ್ತಾರೆ, ಅವರ ಅವಧಿ ಅಥವಾ ಸೇವೆ ಮುಗಿಯುತ್ತದೆ, ಇನ್ನೊಬ್ಬರಿಗೆ ಹೋಗುತ್ತದೆ. ಪ್ರಭಾರಿಗಳು ಎಷ್ಟೇ ಸಮರ್ಥರಾದರೂ ದೊಡ್ಡ ತೀರ್ಮಾನಕ್ಕೆ ಕೈ ಹಾಕಲು ಹಿಂಜರಿಯುತ್ತಾರೆ. ಕುಲಪತಿ ನೇಮಕವಾದ ದಿನವೇ ನಿರ್ಗಮನದ ದಿನವೂ ಕ್ಯಾಲೆಂಡರಿನಲ್ಲಿದೆ. ಆರು ತಿಂಗಳು ಮೊದಲು ಶೋಧನಾ ಸಮಿತಿ ರಚಿಸಲು ಏನು ಅಡ್ಡಿ?

ಅಧ್ಯಾಪಕರ ಆಯ್ಕೆಯಲ್ಲೂ ಗಮನಿಸಬೇಕಾದ ಒಂದು ಸೂಕ್ಷ್ಮವಿದೆ. ಸಹಾಯಕ ಪ್ರಾಧ್ಯಾಪಕರ ಆಯ್ಕೆ ಸಮಿತಿಯಲ್ಲಿ ಕನಿಷ್ಠ ನಾಲ್ವರು, ಅವರಲ್ಲಿ ಇಬ್ಬರು ಹೊರಗಿನ ವಿಷಯತಜ್ಞರು ಇದ್ದರೆ ಮಾತ್ರ ಕೋರಂ (ಸಭೆ ಸಿಂಧುವಾಗಲು ಬೇಕಾದ ಹಾಜರಿ) ಎಂದು ಯುಜಿಸಿ ನಿಯಮ ಹೇಳುತ್ತದೆ. ಸಂದರ್ಶನದ ದಿನ ಒಬ್ಬ ತಜ್ಞರು ಬರಲಿಲ್ಲವೆಂದು ಒಳಗಿನವರನ್ನೇ ಕೂರಿಸಿ ಮುಗಿಸಿದರೆ ಇಡೀ ಪಟ್ಟಿ ಕೋರ್ಟಿನಲ್ಲಿ ಬೀಳುತ್ತದೆ. ತಪ್ಪೇ ಮಾಡದೆ ಆಯ್ಕೆಯಾದವರು ವರ್ಷಗಟ್ಟಲೆ ಅಲೆಯುತ್ತಾರೆ.

ವಿದ್ಯಾರ್ಥಿಗಳು, ಪೋಷಕರು ಮಾಡಬಹುದಾದ್ದು ಬೇಕಾದಷ್ಟಿದೆ. ಫಲಿತಾಂಶ ತಡೆಹಿಡಿದಿದ್ದರೆ ಮೊದಲು ಸ್ವಂತ ಕಾಲೇಜಿಗೆ ಹೋಗಿ ಯುಯುಸಿಎಂಎಸ್ ಎಂಬ, ರಾಜ್ಯದ ವಿ.ವಿ.ಗಳ ಪ್ರವೇಶ, ಪರೀಕ್ಷೆಯ ತಂತ್ರಾಂಶದಲ್ಲಿ ಆಂತರಿಕ ಅಂಕ ಏರಿಸಿದ್ದಾರೆಯೇ ಎಂದು ನೋಡಿ. ಒಂದು ಪತ್ರಿಕೆಯ ಆಂತರಿಕ ಅಂಕ ಬಿಟ್ಟುಹೋದರೂ ಫಲಿತಾಂಶ ಪೂರ್ಣವಾಗುವುದಿಲ್ಲ, ಅದನ್ನು ಏರಿಸಬೇಕಾದವರು ಕಾಲೇಜಿನವರು. ಅಂಕ ಏರಿಸಿದ್ದರ ಮುದ್ರಿತ ಪ್ರತಿ ತೆಗೆದುಕೊಂಡು ಪರೀಕ್ಷಾಂಗಕ್ಕೆ ಹೋಗಿ. ಉತ್ತರಪತ್ರಿಕೆಯನ್ನು ನೋಡುವ ಹಕ್ಕು ನಿಮ್ಮದು, ಮಾಹಿತಿ ಹಕ್ಕಿನಡಿ ಪರೀಕ್ಷಾರ್ಥಿ ತನ್ನ ಉತ್ತರಪತ್ರಿಕೆ ಕೇಳಬಹುದು ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ.

ಶುಲ್ಕ, ಪ್ರವೇಶ, ದಾಖಲೆ ತಡೆಹಿಡಿದದ್ದು, ತಾರತಮ್ಯ ಇಂಥ ದೂರುಗಳಿಗೆ ಯುಜಿಸಿಯ 2023ರ ನಿಯಮದಂತೆ ಪ್ರತಿ ಸಂಸ್ಥೆಯಲ್ಲೂ ವಿದ್ಯಾರ್ಥಿ ಕುಂದುಕೊರತೆ ನಿವಾರಣಾ ಸಮಿತಿ ಇರಬೇಕು. ಅದು 15 ಕೆಲಸದ ದಿನಗಳಲ್ಲಿ ವರದಿ ಕೊಡಬೇಕು. ಸಮಾಧಾನವಾಗದಿದ್ದರೆ 15 ದಿನದೊಳಗೆ ವಿ.ವಿ.ಯ ಓಂಬುಡ್ಸ್‌ಪರ್ಸನ್‌ಗೆ (ವಿದ್ಯಾರ್ಥಿಗಳ ಮೇಲ್ಮನವಿ ಕೇಳಲು ನೇಮಿಸಿದವರು) ಮೇಲ್ಮನವಿ. ಅವರಿಗೆ 30 ದಿನ. ಗಡುವು ಮೀರಿದರೆ ನಿಮ್ಮ ಕೈಯೇ ಸೋಲುತ್ತದೆ, ಆದ್ದರಿಂದ ದೂರು ಕೊಟ್ಟ ದಿನಾಂಕದ ಸ್ವೀಕೃತಿ ಜೋಪಾನ. ಓಂಬುಡ್ಸ್‌ಪರ್ಸನ್ ಎಂಬ ಒಬ್ಬರು ಇದ್ದಾರೆ ಎಂಬುದೇ ಎಷ್ಟೋ ತರಗತಿಗಳಲ್ಲಿ ಗೊತ್ತಿಲ್ಲ. ಅವರ ಹೆಸರು, ಇ-ಮೇಲ್ ವಿಳಾಸ ಪ್ರತಿ ಕಾಲೇಜಿನ ಸೂಚನಾ ಫಲಕದಲ್ಲಿ ಕನ್ನಡದಲ್ಲಿ ಇರಲಿ.

ಸಿಂಡಿಕೇಟ್ ನಡವಳಿ ಬೇಕಾದರೆ ಮಾಹಿತಿ ಹಕ್ಕು ಅಧಿನಿಯಮ 2005 ಇದೆ. ಅದರ ಪ್ರಕರಣ 4(1)(ಬಿ) ಪ್ರಕಾರ ಪ್ರತಿ ಸಾರ್ವಜನಿಕ ಪ್ರಾಧಿಕಾರ ತನ್ನ ಮಂಡಳಿ, ಪರಿಷತ್ತು, ಸಮಿತಿಗಳ ಪಟ್ಟಿಯನ್ನೂ, ಅವುಗಳ ಸಭೆಗೆ ಸಾರ್ವಜನಿಕರಿಗೆ ಪ್ರವೇಶವಿದೆಯೇ, ನಡವಳಿ ಸಾರ್ವಜನಿಕರಿಗೆ ಸಿಗುತ್ತದೆಯೇ ಎಂಬುದನ್ನೂ ತಾನಾಗಿಯೇ ಪ್ರಕಟಿಸಬೇಕು. ಪ್ರಕಟಿಸದ ಕಡೆ ಹತ್ತು ರೂಪಾಯಿ ಶುಲ್ಕದ ಅರ್ಜಿ ಹಾಕಿ. ಕರ್ನಾಟಕದ ನಿಯಮದಲ್ಲಿ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು; ಇದೊಂದೇ ಕಾರಣಕ್ಕೆ ಎಷ್ಟೋ ಅರ್ಜಿ ವಾಪಸ್ಸು ಬರುತ್ತವೆ. 'ಹೀಗೇಕೆ ಮಾಡಿದಿರಿ' ಎಂದು ಕೇಳಬೇಡಿ, ಉತ್ತರ ಬರುವುದಿಲ್ಲ. 'ಇಂಥ ದಿನಾಂಕದ ಸಿಂಡಿಕೇಟ್ ಸಭೆಯ ಇಂಥ ವಿಷಯ ಸಂಖ್ಯೆಯ ಕಾರ್ಯಸೂಚಿ ಟಿಪ್ಪಣಿ, ಕಡತದ ಟಿಪ್ಪಣಿ ಹಾಳೆಗಳು, ಸ್ಥಿರೀಕೃತ ನಡವಳಿ, ಅನುಪಾಲನಾ ವರದಿ ಇವುಗಳ ದೃಢೀಕೃತ ಪ್ರತಿ' ಎಂದು ಕೇಳಿ. 'ಏಕೆ' ಎಂಬುದು ಟಿಪ್ಪಣಿ ಹಾಳೆಯಲ್ಲೇ ಇರುತ್ತದೆ. 30 ದಿನದಲ್ಲಿ ಉತ್ತರ ಬರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ, ಅಲ್ಲೂ ಆಗದಿದ್ದರೆ 90 ದಿನದೊಳಗೆ ಮಾಹಿತಿ ಆಯೋಗ.

ಆದರೆ ಮಳವಳ್ಳಿಯ ತಾಯಿಯೊಬ್ಬರು ಮಗಳ ಕಾಲೇಜಿನ ವಿಷಯ ತಿಳಿಯಲು ಇಷ್ಟೆಲ್ಲ ಏಕೆ ಮಾಡಬೇಕು? ಆದ್ದರಿಂದ ಮೈಸೂರು, ಮಂಡ್ಯ ಎರಡೂ ವಿ.ವಿ.ಗಳ ಸಿಂಡಿಕೇಟ್ ಸದಸ್ಯರಲ್ಲಿ ನಮ್ಮ ಕಳಕಳಿಯ ಕೋರಿಕೆ: ಸಭೆಗೆ ಏಳು ದಿನ ಮೊದಲು ಕಾರ್ಯಸೂಚಿ, ಸಭೆ ಆದ ಹದಿನೈದು ದಿನದೊಳಗೆ ಕರಡು ನಡವಳಿ, ಸ್ಥಿರೀಕರಣವಾದ ಮೇಲೆ ಅಂತಿಮ ನಡವಳಿ ಮತ್ತು ಅನುಪಾಲನಾ ವರದಿ ಕನ್ನಡದಲ್ಲಿ ಜಾಲತಾಣಕ್ಕೆ ಬರಲಿ. ಸ್ಕ್ಯಾನ್ ಮಾಡಿದ ಮಸುಕು ಪುಟ ಬೇಡ, ಹುಡುಕಲು ಬರುವಂತೆ ಯೂನಿಕೋಡ್ ಅಕ್ಷರದಲ್ಲಿರಲಿ. ವಿದ್ಯಾರ್ಥಿಗಳ ಹೆಸರು, ಶಿಸ್ತು ಪ್ರಕರಣ, ಪ್ರಶ್ನೆಪತ್ರಿಕೆಯ ಗೌಪ್ಯ ಇವನ್ನು ಮುಚ್ಚಿ, ಉಳಿದದ್ದು ತೆರೆದಿರಲಿ. ಇದಕ್ಕೆ ಕಾನೂನು ತಿದ್ದುಪಡಿ ಬೇಡ, ಸರ್ಕಾರದ ಅನುದಾನ ಬೇಡ. ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಯಾರಾದರೂ ಒಬ್ಬ ಸದಸ್ಯರು ಇದನ್ನು ಬರಹದಲ್ಲಿ ಸೂಚಿಸಿ, ಇನ್ನೊಬ್ಬರು ಅನುಮೋದಿಸಿದರೆ ಅಂದೇ ತೀರ್ಮಾನವಾಗುತ್ತದೆ. ಸೂಚಿಸಿದವರು ಯಾರು, ವಿರೋಧಿಸಿದವರು ಯಾರು ಎಂಬುದನ್ನೂ ಅದೇ ನಡವಳಿಯಲ್ಲಿ ಓದಲು ಕಾಯುತ್ತಿರುತ್ತೇವೆ.

ಇಂತಿ,
ಉನ್ನತ ಶಿಕ್ಷಣದ ಆಡಳಿತದಲ್ಲಿ ದುಡಿದ ಕೆಲವು ನಿವೃತ್ತರು
ಸರಸ್ವತಿಪುರಂ, ಮೈಸೂರು